ಏನೇನು ತಂದ್ರಿ?



ಪ್ರವಾಸ ಮುಗಿಸಿ ಬಂದು ಆಟೋದಿಂದ ಪೆಟ್ಟಿಗೆ ಇಳಿಸುತ್ತಿರುವವರನ್ನು ಎದುರುಮನೆಯವರು ಮೊದಲು ಏನು ಕೇಳುತ್ತಾರೆ ಹೇಳಿ? ದರ್ಶನ ಚೆನ್ನಾಗಿ ಆಯಿತಾ, ಊಟ ತಿಂಡಿ ಸರಿಹೋಯಿತಾ ಎಂಬುದೆಲ್ಲ ಆಮೇಲೆ. ಮೊದಲಿಗೆ ಬರುವುದು, "ಏನೇನು ತಂದ್ರಿ?"

ನಮ್ಮ ಹಜಾರಗಳ ಶೋಕೇಸುಗಳೆಲ್ಲ ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ಹುಟ್ಟಿಕೊಂಡವೋ ಎಂದು ನನಗೆ ಅನುಮಾನ. ಗಾಜಿನ ಬಾಗಿಲಿನ ಹಿಂದೆ ಆಗ್ರಾದಿಂದ ಬಂದ ತಾಜಮಹಲು. ಅದರೊಳಗೊಂದು ಪುಟ್ಟ ಬಲ್ಬು, ಅದು ಯಾವತ್ತೋ ಸುಟ್ಟುಹೋಗಿದೆ. ಪಕ್ಕದಲ್ಲಿ ಕನ್ಯಾಕುಮಾರಿಯ ಚಿಪ್ಪು ಅಂಟಿಸಿದ ಕನ್ನಡಿ, ತಲೆಯಾಡಿಸುವುದನ್ನು ಬಿಟ್ಟು ಒಂದೇ ಕಡೆಗೆ ವಾಲಿ ನಿಂತ ತಂಜಾವೂರು ಬೊಂಬೆ, ಅರ್ಧ ಆವಿಯಾದ ಊಟಿಯ ನೀಲಗಿರಿ ಎಣ್ಣೆ. ಅಕ್ಕಿಕಾಳಿನ ಮೇಲೆ ಹೆಸರು ಬರೆಸಿದ ಕೀ ಚೈನೂ ಒಂದಿರುತ್ತದೆ, ಹೆಸರು ಓದುವುದಕ್ಕೆ ಭೂತಗನ್ನಡಿ ಬೇಕು. ಹೊಸ ಕಾಲದ ಮನೆಗಳಲ್ಲಿ ಶೋಕೇಸು ಸಣ್ಣದಾಗಿದೆ ನಿಜ, ಆದರೆ ಫ್ರಿಜ್ಜಿನ ಬಾಗಿಲು ಆ ಜವಾಬ್ದಾರಿಯನ್ನು ವಹಿಸಿಕೊಂಡಿದೆ. ಗೋವಾ, ದುಬೈ, ಸಿಂಗಾಪುರ, ಪ್ಯಾರಿಸ್ಸು ಎಲ್ಲ ಅಯಸ್ಕಾಂತ ಹಿಡಿದು ಅಲ್ಲಿ ನೇತಾಡುತ್ತಿವೆ.

ಇವುಗಳಲ್ಲಿ ಯಾವುದಾದರೂ ಒಂದನ್ನು ಕೈಗೆತ್ತಿಕೊಂಡು ಮನೆಯವರನ್ನು ಕೇಳಿ ನೋಡಿ. ಇದು ಯಾವ ವರ್ಷದ್ದು, ಜೊತೆಗೆ ಯಾರಿದ್ದರು, ಅವತ್ತು ಏನಾಯಿತು? ಯಜಮಾನರು ಒಂದು ಇಸವಿ ಹೇಳುತ್ತಾರೆ, ಮನೆಯಾಕೆ ಇನ್ನೊಂದು. ಮಕ್ಕಳು ಫೋನಿನಿಂದ ತಲೆಯೆತ್ತುವುದೇ ಇಲ್ಲ. ವಸ್ತು ಧೂಳು ಹಿಡಿದು ಕೂತಿದೆ, ಕಥೆ ಎಲ್ಲಿಗೋ ಹೋಗಿದೆ. ಹಾಗಿದ್ದರೆ ಆ ಕಥೆ ಉಳಿಯುವುದು ಎಲ್ಲಿ, ಮನೆ ತುಂಬಿಸಿಕೊಳ್ಳದೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ನನ್ನ ಮಾತು.

ಕೊಳ್ಳುವುದೆಲ್ಲ ಆಸೆಯಿಂದ ಎಂದು ಬೈಯುವುದು ಸುಲಭ. ಆದರೆ ಪ್ರವಾಸದಲ್ಲಿ ನಾವು ಕೊಳ್ಳುವ ಮುಕ್ಕಾಲು ಪಾಲು ದಾಕ್ಷಿಣ್ಯದ್ದು. ಮನೆ ನೋಡಿಕೊಂಡ ಪಕ್ಕದವರಿಗೆ, ಗಿಡಕ್ಕೆ ನೀರು ಹಾಕಿದ ಹುಡುಗನಿಗೆ, ಆಫೀಸಿನವರಿಗೆ, ನಾದಿನಿಗೆ, ನಾದಿನಿಗೆ ಕೊಟ್ಟ ಮೇಲೆ ಓರಗಿತ್ತಿಗೆ. ಹಿಂದಿನವರಿಗೂ ಈ ದಾಕ್ಷಿಣ್ಯ ಇತ್ತು. ಅವರ ಕೈಯಲ್ಲಿ ಅದಕ್ಕೊಂದು ಉಪಾಯವೂ ಇತ್ತು, ಪ್ರಸಾದ. ತಿರುಪತಿಯ ಒಂದು ಲಡ್ಡು ಇದ್ದರೆ ಇಪ್ಪತ್ತು ಮನೆಗೆ ಸಾಕು, ಚಿಟಿಕೆ ಚಿಟಿಕೆ ಮುರಿದು ಕೊಟ್ಟರೂ ಯಾರೂ ಕಮ್ಮಿಯಾಯಿತು ಎನ್ನುವುದಿಲ್ಲ. ಹಜ್ ಮುಗಿಸಿ ಬಂದವರ ಮನೆಗೆ ಹೋದರೆ ಪುಟ್ಟ ಲೋಟದಲ್ಲಿ ಝಮ್‌ಝಮ್ ನೀರು, ಅಂಗೈಗೆ ಒಂದು ಖರ್ಜೂರ. ಕೊಟ್ಟವರಿಗೂ ಭಾರವಿಲ್ಲ, ಇಸಿದುಕೊಂಡವರಿಗೂ ಇದನ್ನು ಎಲ್ಲಿಡಲಿ ಎಂಬ ಚಿಂತೆಯಿಲ್ಲ. ಅದು ಗಂಟಲಿನಿಂದ ಇಳಿಯುವ ಹೊತ್ತಿಗೆ ಕೊಟ್ಟವರು ಎರಡು ಮಾತು ಹೇಳಿಯೇ ಹೇಳುತ್ತಾರೆ. ಎಷ್ಟು ಹೊತ್ತು ಸಾಲಿನಲ್ಲಿ ನಿಂತೆವು, ಬಿಸಿಲು ಹೇಗಿತ್ತು, ಯಾರು ತಪ್ಪಿಸಿಕೊಂಡು ಆಮೇಲೆ ಎಲ್ಲಿ ಸಿಕ್ಕರು. ಕೀ ಚೈನನ್ನು ಹಾಗೆ ಮುರಿದು ಹಂಚಲು ಬರುವುದಿಲ್ಲವಲ್ಲ!

ಕಾಶಿಯಾತ್ರೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪ್ರವಾಸದಿಂದ ಏನು ತರಬೇಕು, ಏನು ತರಬಾರದು ಎಂಬುದನ್ನು ನಮ್ಮ ಹಿರಿಯರು ಅದರಷ್ಟು ಕೂಲಂಕಷವಾಗಿ ಇನ್ನೆಲ್ಲೂ ಯೋಚಿಸಿಲ್ಲ. ಕ್ರಮವಾಗಿ ಮಾಡುವವರು ಮೊದಲು ರಾಮೇಶ್ವರಕ್ಕೆ ಹೋಗಿ ಅಲ್ಲಿನ ಸಮುದ್ರದ ಮರಳು ತೆಗೆದುಕೊಳ್ಳುತ್ತಾರೆ. ಆ ಮರಳನ್ನು ಪ್ರಯಾಗದ ತ್ರಿವೇಣಿಯಲ್ಲಿ ಬಿಡುತ್ತಾರೆ. ಅಲ್ಲಿಂದ ಗಂಗೆಯನ್ನು ತುಂಬಿಕೊಂಡು ಬಂದು ರಾಮೇಶ್ವರದ ರಾಮನಾಥನಿಗೆ ಅಭಿಷೇಕ ಮಾಡಿಸುತ್ತಾರೆ. ಗಮನಿಸಿ, ಇಷ್ಟು ದೂರ ಹೊತ್ತದ್ದು ಮರಳು, ಹೊತ್ತದ್ದು ನೀರು. ಎರಡೂ ಇನ್ನೊಂದು ಊರಿನಲ್ಲಿ ಕರಗಿಹೋದವು. ಮನೆಗೆ ಬಂದದ್ದು ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಸಣ್ಣ ಗಿಂಡಿಯೊಂದೇ. ಅದನ್ನೂ ಸುಮ್ಮನೆ ಒಳಗಿಡುವಂತಿಲ್ಲ. ಕಾಶಿ ಸಮಾರಾಧನೆ ಎಂದು ಒಂದು ದಿನ ಗೊತ್ತುಮಾಡಿ, ಗಂಗೆಗೆ ಪೂಜೆ ಮಾಡಿ, ನೆಂಟರಿಷ್ಟರನ್ನು ಕೂರಿಸಿ ಊಟ ಹಾಕಬೇಕು. ಬಂದವರ ಕೈಗೆ ಕಾಶಿದಾರ ಕಟ್ಟಬೇಕು. ಆ ಕಪ್ಪು ದಾರ ಕೆಲವು ತಿಂಗಳಲ್ಲಿ ತಾನೇ ಸವೆದು ಉದುರಿಹೋಗುತ್ತದೆ.

ಸಮಾರಾಧನೆಯ ಪಂಕ್ತಿಯಲ್ಲಿ ನಡೆಯುವುದೇನು? ಕಥೆ. ಹೋಗಿಬಂದವರು ಎಲೆಯಿಂದ ಎಲೆಗೆ ಹೋಗಿ ಅದೇ ಕಥೆಯನ್ನು ಹೇಳುತ್ತಾರೆ. ಮೂರನೆಯ ಎಲೆಯ ಹತ್ತಿರ ಹೋಗುವ ಹೊತ್ತಿಗೆ ಅದು ಚೆನ್ನಾಗಿ ಪಾಕಕ್ಕೆ ಬಂದಿರುತ್ತದೆ. ಮೊಘಲ್‌ಸರಾಯಿಯಲ್ಲಿ ರೈಲು ತಪ್ಪಿದ್ದು, ದೋಣಿಯವನ ಜೊತೆ ಚೌಕಾಸಿ, ಅತ್ತೆಯವರ ಚಪ್ಪಲಿ ಕಳೆದದ್ದು, ಯಾವುದನ್ನು ಮೊದಲು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಬಂದ ಹೊಸದರಲ್ಲಿ ಹತ್ತು ಜನರೆದುರು ಬಾಯಿಬಿಟ್ಟು ಹೇಳಿದ ಕಥೆ ಮರೆಯುವುದು ಕಷ್ಟ. ಈಗ ಗಂಗಾಜಲವೇ ಬೇಕಿದ್ದರೆ ಯಾತ್ರೆ ಮಾಡಬೇಕಾಗಿಲ್ಲ, 2016ರಿಂದ ಅಂಚೆ ಇಲಾಖೆಯೇ ಬಾಟಲಿಯಲ್ಲಿ ಮಾರುತ್ತದೆ. ಪೂಜೆಗೆ ಅದು ಸಾಲಬಹುದು. ಪಂಕ್ತಿಯಲ್ಲಿ ಹೇಳಲು ಅದರ ಜೊತೆ ಏನೂ ಬರುವುದಿಲ್ಲ.

ಇದಕ್ಕಿಂತ ಸೊಗಸಾದ ಇನ್ನೊಂದು ಪದ್ಧತಿ ಇದೆ, ಬಿಟ್ಟುಬರುವುದು. ಗಯಾದಲ್ಲಿ ಅಕ್ಷಯವಟದ ಬಳಿ ಒಂದು ಹಣ್ಣು, ಒಂದು ತರಕಾರಿ, ಒಂದು ಎಲೆ ಎಂದು ತಮಗೆ ಇಷ್ಟವಾದದ್ದನ್ನು ಬಿಡುತ್ತಾರೆ. ಅಲ್ಲಿಂದಾಚೆಗೆ ಬದುಕಿರುವವರೆಗೂ ಅದನ್ನು ತಿನ್ನುವಂತಿಲ್ಲ. ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ ಎಂಬ ತಮಾಷೆ ಎಲ್ಲ ಮನೆಗಳಲ್ಲೂ ಇದೆ. ನಿಜವಾಗಿ ಬಿಟ್ಟವರ ಮನೆಯಲ್ಲಿ ಏನಾಗುತ್ತದೆ ನೋಡಿ. ಸೀತಾಫಲದ ಕಾಲ ಬಂದಾಗ ಮೊಮ್ಮಗ ಕೇಳುತ್ತಾನೆ:

"ಅಜ್ಜಿ, ನೀನ್ಯಾಕೆ ತಿನ್ನಲ್ಲ?"

"ನಾನು ಗಯಾದಲ್ಲಿ ಬಿಟ್ಟುಬಂದೆ ಕಣೋ ಮರಿ."

"ಬಿಟ್ಟುಬಂದ್ಯಾ? ರೂಮಲ್ಲಾ, ರೈಲಲ್ಲಾ?"

ಅಷ್ಟು ಸಾಕು. ಅಜ್ಜಿ ಕಾಲು ಚಾಚಿ ಕೂತು ಶುರುಮಾಡುತ್ತಾರೆ. ಫಲ್ಗು ನದಿಯಲ್ಲಿ ನೀರೇ ಇರಲಿಲ್ಲ, ಮರಳು ಬಗೆದು ನೀರು ತೆಗೆದೆವು, ನಿಮ್ಮ ತಾತ ಆಗ ಗಟ್ಟಿಯಾಗಿದ್ದರು. ವರ್ಷವರ್ಷವೂ ಸೀತಾಫಲ ಬಿಡುತ್ತದೆ, ವರ್ಷವರ್ಷವೂ ಕಥೆ ಬರುತ್ತದೆ. ಇಡುವುದಕ್ಕೆ ಜಾಗ ಬೇಡ, ಒರೆಸುವುದಕ್ಕೆ ಬಟ್ಟೆ ಬೇಡ. ಧಾರ್ಮಿಕ ನಂಬಿಕೆ ಇಲ್ಲದವರೂ ಈ ಏರ್ಪಾಟಿನ ಚಮತ್ಕಾರಕ್ಕೆ ತಲೆದೂಗಬೇಕು. ಇಲ್ಲದೇ ಇರುವ ಒಂದು ವಸ್ತುವೇ ಇಲ್ಲಿ ಸ್ಮರಣಿಕೆ.

ಇದರಿಂದ ನನಗೆ ಹೊಳೆದದ್ದು ಇಷ್ಟು. ನೆನಪನ್ನು ಕಾಯುವುದು ವಸ್ತುವಿನ ಕೈಯಲ್ಲಿ ಆಗುವ ಕೆಲಸವಲ್ಲ, ಅದಕ್ಕೆ ಸರದಿ ಬೇಕು. ಕಥೆ ಹೊರಗೆ ಬರಲು ಒಂದು ದಿನ, ಒಂದು ಊಟ, ಒಂದು ಋತು, ಒಂದು ಪ್ರಶ್ನೆ. ಸರದಿ ಇರುವ ವಸ್ತು ಮನೆಗೆ ಬಂದರೆ ಅಡ್ಡಿಯಿಲ್ಲ. ಸರದಿ ಇಲ್ಲದ್ದು ಎಷ್ಟೇ ಚೆಂದವಿದ್ದರೂ ಕಸವೇ.

ಹಳೇ ಮೈಸೂರಿನ ಕಡೆಯ ದಸರಾ ಗೊಂಬೆಗಳನ್ನೇ ನೋಡಿ. ಅಲ್ಲಿಯ ಸಾಮಾನು ಕಡಿಮೆಯೇನಲ್ಲ, ಪೆಟ್ಟಿಗೆಗಟ್ಟಲೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಊರೂರಿನ ಗೊಂಬೆಗಳು. ಚನ್ನಪಟ್ಟಣದ ಅರಗಿನ ಬಣ್ಣದವು, ಕೊಪ್ಪಳದ ಹತ್ತಿರದ ಕಿನ್ನಾಳದವು, ಆಂಧ್ರದ ಕೊಂಡಪಲ್ಲಿಯವು, ಬಂಗಾಳದ ಕೃಷ್ಣನಗರದ ಮಣ್ಣಿನವು. ವರ್ಷದಲ್ಲಿ ಒಂಬತ್ತು ಹತ್ತು ದಿನ ಮಾತ್ರ ಅವು ಹೊರಗೆ. ಮಿಕ್ಕ ದಿನವೆಲ್ಲ ಹಳೇ ಪಂಚೆಯ ಚೂರುಗಳಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ. ಸುತ್ತಿದ್ದನ್ನು ಬಿಚ್ಚುವಾಗಲೇ "ಇದು ನಿಮ್ಮ ಚಿಕ್ಕಪ್ಪನ ಜೊತೆ ಕಲ್ಕತ್ತೆಗೆ ಹೋದಾಗಿನದು" ಎಂಬ ಮಾತು ಬರುತ್ತದೆ. ಸಂಜೆ ಗೊಂಬೆ ನೋಡಲು ಬಂದ ಬೀದಿಯ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವಾಗ ಇನ್ನೊಂದು ಸಲ ಬರುತ್ತದೆ. ಶೋಕೇಸಿನಲ್ಲಿ ಮುನ್ನೂರ ಅರವತ್ತೈದು ದಿನ ಕಣ್ಣಿಗೆ ಬೀಳುವ ಗೊಂಬೆಯನ್ನು ಯಾರೂ ನೋಡುವುದಿಲ್ಲ, ಅಟ್ಟದಿಂದ ಇಳಿದ ಗೊಂಬೆಯನ್ನು ಎಲ್ಲರೂ ನೋಡುತ್ತಾರೆ. ಗೊಂಬೆ ಕೂರಿಸುವ ಮನೆಯವರು ಹೋದ ಊರಿನಿಂದ ಒಂದು ಗೊಂಬೆ ತಂದರೆ ನಾನು ಸುತರಾಂ ತಪ್ಪು ಹೇಳುವುದಿಲ್ಲ. ಕೂರಿಸದವರು ಯಾಕೆ ತರಬೇಕು? ಚಿಕ್ಕ ಮಕ್ಕಳಿದ್ದರೆ ಚನ್ನಪಟ್ಟಣದ ಆಟಿಕೆ ತನ್ನಿ, ಆಡಿ ಬಣ್ಣ ಸವೆಯಲಿ, ಅದು ಹುಟ್ಟಿದ್ದೇ ಆಡುವುದಕ್ಕೆ.

ತಿನ್ನುವ ಪದಾರ್ಥಗಳ ವಿಷಯದಲ್ಲಿ ನನ್ನದು ಇನ್ನೂ ಧಾರಾಳ ಮನಸ್ಸು. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಇವೆಲ್ಲ ಮನೆ ತಲುಪಿದ ಮೂರು ದಿನಕ್ಕೆ ಖಾಲಿ, ಡಬ್ಬಿ ಮಾತ್ರ ಬಿಸಾಕಿ ದಯವಿಟ್ಟು. ಆದರೆ ಇವಕ್ಕಿಂತ ನಿಧಾನವಾಗಿ ಮುಗಿಯುವವು ಹೆಚ್ಚು ಒಳ್ಳೆಯವು. ಕೊಡಗಿಗೆ ಹೋದವರು ಕಾಚಂಪುಳಿಯ ಒಂದು ಸಣ್ಣ ಬಾಟಲಿ ತರಬಹುದು. ಮಲೆನಾಡಿನವರು ಉಪ್ಪಾಗೆ ಎನ್ನುವ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಾಡಿದ ಹುಳಿ ಅದು. ಪಂದಿ ಕರಿಗೆ ಅದಿಲ್ಲದೆ ನಡೆಯುವುದಿಲ್ಲ, ಅಣಬೆ ಸಾರಿಗೂ ಸೊಗಸಾಗುತ್ತದೆ. ಒಂದು ಸಲಕ್ಕೆ ಒಂದು ಚಮಚ ಸಾಕು, ಹಾಗಾಗಿ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಹಾಕಿದ ದಿನವೆಲ್ಲ ಮಡಿಕೇರಿಯ ಮಳೆ, ಕಾಲಿಗೆ ಹತ್ತಿದ ಜಿಗಣೆ, ದೊಡ್ಡಪ್ಪ ಜಿಗಣೆಗೆ ಹೆದರಿ ಜೀಪಿನ ಸೀಟಿನ ಮೇಲೆ ಹತ್ತಿ ನಿಂತದ್ದು, ಎಲ್ಲ ತಟ್ಟೆಯ ಸುತ್ತ ಬರುತ್ತದೆ. ಬಾಟಲಿ ಮುಗಿದರೆ ಮತ್ತೆ ಹೋಗಲು ಒಂದು ನೆಪ.

ಅದಕ್ಕಿಂತಲೂ ಹಗುರ ಬೇಕೆಂದರೆ ಅಡುಗೆಯನ್ನೇ ಕಲಿತು ಬನ್ನಿ. ಕುಂಭಕೋಣದ ಹೋಟೆಲುಗಳಲ್ಲಿ ಇಡ್ಲಿಗೆ ಕಡಪ್ಪ ಎಂದು ಒಂದು ಕೊಡುತ್ತಾರೆ. ಹೆಸರುಬೇಳೆ, ಆಲೂಗಡ್ಡೆ, ತೆಂಗಿನಕಾಯಿ ಹಾಕಿದ ಗಟ್ಟಿ ಸಾಗುವಿನಂಥದ್ದು. ಮಾಣಿಯನ್ನು ಸ್ವಲ್ಪ ಮಾತಾಡಿಸಿದರೆ ವಿಧಾನ ಹೇಳುತ್ತಾನೆ, ಮನಸ್ಸು ಬಂದರೆ ಭಟ್ಟರನ್ನೇ ಕರೆಸುತ್ತಾನೆ. ಭಾನುವಾರ ಬೆಳಿಗ್ಗೆ ಅದನ್ನು ಮಾಡಿದರೆ ಮನೆಮಂದಿಗೆಲ್ಲ ಕುಂಭಕೋಣ. ಉಟ್ಟು ಸವೆಸುವಂಥದ್ದಕ್ಕೂ ಇದೇ ಮಾತು. ಗುಳೇದಗುಡ್ಡಕ್ಕೆ ಹೋದರೆ ಒಂದು ಖಣ ತಂದು ಹೊಲಿಸಿಕೊಳ್ಳಿ, 'ಐ ಲವ್' ಎಂದು ಬರೆದ ಟೀ ಶರ್ಟು ಬೇಡ. ಅದು ಎರಡು ಒಗೆತಕ್ಕೆ ನೆಲ ಒರೆಸುವ ಬಟ್ಟೆಯಾಗುತ್ತದೆ, ಆಮೇಲೆ ಬೆಳಗಾಗೆದ್ದು ನಾವು ಪ್ರೀತಿಸುವ ಊರಿನಿಂದಲೇ ನೆಲ ಒರೆಸಬೇಕು.

ತರಲೇಬಾರದ ಕೆಲವು ಇವೆ, ಅದನ್ನೂ ಹೇಳಿಬಿಡುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಕಂಬಕಂಬವಾಗಿ ಎದ್ದ ಬಂಡೆಗಳು, ಕಾಲಡಿಯಲ್ಲಿ ಮರಳಿಗಿಂತ ಹೆಚ್ಚು ಚಿಪ್ಪು. ಮಕ್ಕಳು ಜೇಬು ತುಂಬಿಕೊಳ್ಳುತ್ತಾರೆ, ಮನೆಯಲ್ಲಿ ಆ ಚಿಪ್ಪು ಎರಡು ದಿನ ನಾರಿ ಮೂರನೆಯ ದಿನ ತೊಟ್ಟಿಗೆ. ಬಂದವರೆಲ್ಲ ಒಂದೊಂದು ಹಿಡಿ ತಂದರೆ ದಡದಲ್ಲಿ ಉಳಿಯುವುದೇನು? ಅಂಡಮಾನಿನಂಥ ಕಡೆ ಇದು ಬರೀ ವಿವೇಕದ ಪ್ರಶ್ನೆಯೂ ಅಲ್ಲ. ಹವಳ, ಕಡಲ ಬೀಸಣಿಗೆ, ಕೆಲವು ಜಾತಿಯ ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿವೆ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಹಂಪಿಯ ಕಲ್ಲಿನ ಚೂರೂ ಹಾಗೆಯೇ. ಸಾಮ್ರಾಜ್ಯವೇ ಹೋದ ಮೇಲೆ ಒಂದು ಚೂರು ಹೋದರೇನು ಎನ್ನುವವರಿದ್ದಾರೆ. ಅವರ ಮನೆಗೆ ಹೋಗಿ ನೋಡಿ, ಆ ಚೂರು ಬಾಗಿಲಿಗೆ ಅಡ್ಡ ಇಟ್ಟಿರುತ್ತಾರೆ.

ಫೋಟೋ ತೆಗೆದುಕೊಂಡರೆ ಆಯಿತಲ್ಲ, ಅದಕ್ಕೇನು ಜಾಗ ಬೇಕು ಎಂದು ನೀವು ಕೇಳಬಹುದು. ನಿಜ, ಆದರೆ ಕಸ ಹಜಾರದಿಂದ ಫೋನಿಗೆ ದಾಟಿದೆ ಅಷ್ಟೆ. ರೀಲಿನ ಕಾಲದಲ್ಲಿ ಮೂವತ್ತಾರು ಚಿತ್ರಕ್ಕೆ ಮುಗಿಯುತ್ತಿತ್ತು, ಹಾಗಾಗಿ ಗುಂಡಿ ಒತ್ತುವ ಮೊದಲು ಅಪ್ಪ ಎಲ್ಲರನ್ನೂ ಗೋಪುರದ ಮುಂದೆ ಸಾಲಾಗಿ ನಿಲ್ಲಿಸಿ "ಬಿಸಿಲಿಗೆ ಕಣ್ಣು ಮುಚ್ಚಬೇಡಿ" ಎಂದು ಗದರುತ್ತಿದ್ದರು. ಈಗ ಅದೇ ಗೋಪುರಕ್ಕೆ ನಲವತ್ತು ಚಿತ್ರ, ನಲವತ್ತರಲ್ಲೂ ಬೆರಳಗಲದ ವ್ಯತ್ಯಾಸ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಕೆಲವು ವಸ್ತುಗಳನ್ನು ಬರೀ ನೋಡಿ ಎಂದರು, ಕೆಲವನ್ನು ಫೋಟೋ ತೆಗೆಯಿರಿ ಎಂದರು. ಮಾರನೆಯ ದಿನ ಕೇಳಿದರೆ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ನೆನಪಿಡುವ ಕೆಲಸವನ್ನು ಕ್ಯಾಮೆರಾಗೆ ವಹಿಸಿ ತಲೆ ಕೈತೊಳೆದುಕೊಂಡಿತ್ತು. ಆದರೆ ಆ ಪ್ರಯೋಗದ ಉತ್ತರಾರ್ಧ ನನಗೆ ಹೆಚ್ಚು ರುಚಿಸಿತು. ವಸ್ತುವಿನ ಒಂದು ಭಾಗಕ್ಕೆ, ಒಂದು ಕೈಗೋ ಕಾಲಿಗೋ ಕ್ಯಾಮೆರಾವನ್ನು ಜೂಮ್ ಮಾಡಿ ತೆಗೆದವರಿಗೆ ಈ ಮರೆವು ಬರಲಿಲ್ಲ. ಆರಿಸಬೇಕಾದರೆ ನೋಡಬೇಕಲ್ಲ!

ಬೇಲೂರಿನಲ್ಲಿ ಇಡೀ ದೇವಾಲಯದ ಚಿತ್ರ ನಮಗೆ ಬೇಡ, ನಮಗಿಂತ ಚೆನ್ನಾಗಿ ತೆಗೆದವರು ಸಾವಿರ ಜನ ಇದ್ದಾರೆ. ಒಬ್ಬೊಬ್ಬರೂ ತಮಗೆ ಹಿಡಿಸಿದ ಒಂದು ಸಣ್ಣ ಭಾಗವನ್ನು ಹುಡುಕಿ ತೆಗೆಯಲಿ. ಮಗಳು ಒಂದು ಕೋತಿಯನ್ನು ತೆಗೆಯುತ್ತಾಳೆ, ಅದು ಕಲ್ಲಿನದಲ್ಲದೆ ಜೀವಂತದ್ದೂ ಆಗಿರಬಹುದು, ಇರಲಿ. ಮತ್ತೆ, ಗೋಪುರದ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳ ಹಳೆಯ ಆಲ್ಬಮುಗಳಲ್ಲಿ ನಮಗೆ ಸಿಗದೇ ಹೋಗಿರುವುದು ಯಾವುದು ಗೊತ್ತೇ? ಛತ್ರದ ಕೋಣೆ, ಹಿತ್ತಾಳೆ ಟಿಫನ್ ಕ್ಯಾರಿಯರು, ಬಸ್ಸಿನ ಬೋರ್ಡು, ಹೋಟೆಲಿನ ತಿಂಡಿ ದರದ ಪಟ್ಟಿ, ಕಾರಿನ ಡ್ರೈವರ್. ಗೋಪುರ ಇನ್ನೂ ಅಲ್ಲೇ ಇದೆ, ಇವು ಇಲ್ಲ. ಆದ್ದರಿಂದ ಇವನ್ನು ತೆಗೆಯಿರಿ. ಫೋಟೋ ತೆಗೆಯುವವರೇ ಯಾವ ಚಿತ್ರದಲ್ಲೂ ಇಲ್ಲದಂತಾಗುವುದೂ ನಮ್ಮ ಮನೆಗಳ ಹಳೆಯ ಅನ್ಯಾಯ.

ಮನೆಗೆ ಬಂದ ವಾರದೊಳಗೆ ಒಂದು ಸಂಜೆ ಎಲ್ಲರೂ ಕೂತು ಅಳಿಸುವ ಕೆಲಸ ಮಾಡಬೇಕು. ಉಳಿಸಿಕೊಂಡವಕ್ಕೆ ಹೆಸರು ಬರೆಯಬೇಕು: ಯಾರು, ಎಲ್ಲಿ, ಯಾವಾಗ. 'ಎಡದಿಂದ ಮೂರನೆಯವರು ಲಾಡ್ಜಿನ ಮ್ಯಾನೇಜರು' ಎಂದು ಬರೆಯದಿದ್ದರೆ ಹತ್ತು ವರ್ಷದ ಮೇಲೆ ಅವರನ್ನು ದೂರದ ನೆಂಟರೆಂದು ತಿಳಿಯುವ ಅಪಾಯವಿದೆ. ಒಂದು ಕಿವಿಮಾತು: ತೆಗೆದ ದಿನ, ಸ್ಥಳ ಎಲ್ಲ ಫೋಟೋದೊಳಗೇ ಸಾಮಾನ್ಯವಾಗಿ ದಾಖಲಾಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದಾಗ ಚಿತ್ರವೂ ಕುಗ್ಗುತ್ತದೆ, ಆ ವಿವರವೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಎರಡೂ ಉಳಿಯುತ್ತವೆ. ತಂಗಿಯ ಫೋನಿನಲ್ಲಿರುವುದನ್ನು ಹಾಗೇ ತರಿಸಿಕೊಳ್ಳಿ, ಎರಡು ಕಡೆ ಕಾಪಿ ಇಡಿ.

ಟಿಕೀಟುಗಳನ್ನು ಕೂಡಿಡುವವರು ಇದ್ದಾರೆ. ಹಿಂದೆ ರೈಲಿಗೆ ಸಣ್ಣ ದಪ್ಪ ರಟ್ಟಿನ ಟಿಕೀಟು ಕೊಡುತ್ತಿದ್ದರು. ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ಟರು ಕಂಡುಹಿಡಿದ ಬಗೆ ಅದು, ಅರ್ಧ ಶತಮಾನ ಕಳೆದರೂ ಅಕ್ಷರ ಅಳಿಯುತ್ತಿರಲಿಲ್ಲ. ಈಗ ಕಂಡಕ್ಟರ ಯಂತ್ರದಿಂದ ಬರುವ ನುಣುಪು ಕಾಗದದಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲಿನ ಲೇಪ ಬಿಸಿ ತಾಗಿ ಕಪ್ಪಾಗುವುದೇ ಅಲ್ಲಿಯ ಅಕ್ಷರ. ಬಿಸಿಲು, ಸೆಖೆ, ಪ್ಲಾಸ್ಟಿಕ್ಕು ತಾಗಿದರೆ ಕೆಲವು ತಿಂಗಳಲ್ಲಿ ಬಿಳಿ. ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟವರಿಗೇ ಮೊದಲು ಮೋಸ. ಬೇಕಾದ್ದು ಇದ್ದರೆ ಪುಸ್ತಕದಲ್ಲಿ ಬರೆದು ಟಿಕೀಟು ಬಿಟ್ಟುಬಿಡಿ.

ಯಾವ ಪುಸ್ತಕ? ಪ್ರವಾಸ ಎಂದರೆ ಬರೆಯಲೇಬೇಕು ಎಂಬ ಚಪಲ ಕನ್ನಡದವರಿಗೆ ಹಳೆಯದು. ಶಿವರಾಮ ಕಾರಂತರು 'ಅಬುವಿಂದ ಬರಾಮಕ್ಕೆ' ಬರೆದರು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಬರೆದ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆಯಿತು. ಗಿಡಗಳ ಚಿತ್ರಗಳನ್ನೂ ಅವರೇ ಬಿಡಿಸಿದ್ದರು. ನಮ್ಮಿಂದ ಅಷ್ಟು ಆಗುವುದಿಲ್ಲ. ನಾನು ಹೇಳುವುದು ಇನ್ನೂ ಸರಳವಾದದ್ದು, ಖರ್ಚಿನ ಪುಸ್ತಕ. ಹಿಂದೆ ಮನೆಯ ಯಜಮಾನರು ಯಾತ್ರೆಗೆ ಹೊರಟರೆ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಸೀಸದ ಕಡ್ಡಿ. 'ಜಟಕಾ, ಸ್ಟೇಷನ್ನಿನಿಂದ ಛತ್ರ, ಎಂಟಾಣೆ. ಹಾಲು, ಮಗುವಿಗೆ. ಮಾತ್ರೆ, ಇವಳ ತಲೆನೋವಿಗೆ. ಕೂಲಿಯವನಿಗೆ ಜಾಸ್ತಿ ಕೊಟ್ಟದ್ದು.' ಇಂಥ ಸಾಲುಗಳಲ್ಲಿ ವರ್ಣನೆಯ ಒಂದು ಪದವೂ ಇಲ್ಲ. ಆದರೆ ಓದುತ್ತ ಹೋದರೆ ಮಗು ಅತ್ತದ್ದು, ತಾಯಿಗೆ ತಲೆನೋವು ಬಂದದ್ದು, ಅಪ್ಪನ ಹಟ, ಕೂಲಿಯವನ ಜೊತೆ ಜಗಳ, ಎಲ್ಲ ಎದ್ದು ಬರುತ್ತದೆ. 'ಸೂರ್ಯಾಸ್ತ ರಮಣೀಯವಾಗಿತ್ತು' ಎಂದು ಬರೆದ ದಿನಚರಿಗಿಂತ ಇದು ಎಷ್ಟೋ ಮೇಲು. ಈಗ ಹಣವೆಲ್ಲ ಫೋನಿನಲ್ಲೇ ಹೋಗುವುದರಿಂದ ಲೆಕ್ಕ ತಾನಾಗಿ ಉಳಿಯುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ಇರುವುದು ಅಂಗಡಿಯವನ ಹೆಸರು, ಮೊತ್ತ. ಯಾಕೆ ಎಂಬುದು ಇರುವುದಿಲ್ಲ. ಬರೆಯುವ ಕೆಲಸವನ್ನು ಮನೆಯಲ್ಲಿ ಆಗತಾನೇ ಕೂಡುವ ಲೆಕ್ಕ ಕಲಿತ ಮಗುವಿಗೆ ವಹಿಸಿ. ಕೈಬರಹ ಸೊಟ್ಟಗಿದ್ದಷ್ಟೂ ಮುಂದೆ ಅದರ ಬೆಲೆ ಹೆಚ್ಚು.

ಅಂಚೆಯ ಒಂದು ಉಪಾಯವೂ ಇದೆ. ಕಾಲಾಣೆಯ ಪೋಸ್ಟ್‌ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರಲ್ಲಿ, ಇನ್ನೂ ಸತ್ತಿಲ್ಲ. ಹೋದ ಊರಿನಿಂದ ನಿಮ್ಮ ಮನೆ ವಿಳಾಸಕ್ಕೇ ಒಂದು ಕಾರ್ಡು ಹಾಕಿ, ಎಲ್ಲರೂ ಒಂದೊಂದು ಸಾಲು ಗೀಚಿ. ಆ ಊರಿನ ಮೊಹರು, ತಾರೀಖು ಬಿದ್ದು ನಿಮ್ಮ ಹಿಂದೆಯೇ ಅದು ಮನೆಗೆ ಬರುತ್ತದೆ. ಕೆಲವು ಪ್ರವಾಸಿ ಸ್ಥಳಗಳ ಅಂಚೆ ಕಚೇರಿಗಳಲ್ಲಿ ಸ್ಮಾರಕದ ಚಿತ್ರವಿರುವ ಮೊಹರೇ ಇರುತ್ತದೆ, ಕೇಳಿ ಹಾಕಿಸಿಕೊಳ್ಳಬೇಕು.

ಬಾನುಲಿಯಲ್ಲಿ ಕೂತು ಮಾತಾಡುವವಳು ಧ್ವನಿಯ ಪರವಾಗಿ ವಕಾಲತ್ತು ಮಾಡದಿದ್ದರೆ ಹೇಗೆ? ಮಳೆಗಾಲದಲ್ಲಿ ಜೋಗಕ್ಕೆ ಹೋದವರಿಗೆ ಗೊತ್ತು. ಲಿಂಗನಮಕ್ಕಿಯಿಂದ ನೀರು ಬಿಟ್ಟ ದಿನ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರು ಧುಮುಕುತ್ತಿರುತ್ತವೆ. ಎದುರು ನಿಂತವರಿಗೆ ಕಾಣುವುದು ಮಾತ್ರ ಮಂಜು. ಫೋಟೋ ತೆಗೆದರೆ ಬಿಳಿ ಹಾಳೆ. ಆದರೆ ಆ ಮೊರೆತ ಕಿವಿಯಲ್ಲಿ, ಎದೆಯಲ್ಲಿ, ಹಿಡಿದ ಕಂಬಿಯಲ್ಲೂ ಇರುತ್ತದೆ. ಆಗ ಫೋನಿನ ರೆಕಾರ್ಡರನ್ನು ಒತ್ತಿ ಒಂದು ನಿಮಿಷ ಹಿಡಿಯಿರಿ. ಒಂದು ನಿಮಿಷ ಮಂಜು ಸರಿದರೆ ಎಲ್ಲರೂ ಒಟ್ಟಿಗೆ "ಓ!" ಎನ್ನುತ್ತಾರಲ್ಲ, ಅದೂ ಅದರಲ್ಲಿ ಸೇರುತ್ತದೆ. ಆ "ಓ" ಎಂದವರಲ್ಲಿ ಅಜ್ಜಿಯ ದನಿ ಯಾವುದು ಎಂದು ಮುಂದೆ ಮೊಮ್ಮಕ್ಕಳು ಗುರುತು ಹಿಡಿಯುತ್ತಾರೆ. ವಿಡಿಯೋ ಬೇರೆ, ಕ್ಯಾಮೆರಾ ತಮ್ಮ ಕಡೆ ತಿರುಗಿತೆಂದರೆ ನಮ್ಮವರು ಸೆರಗು ಸರಿಮಾಡಿಕೊಂಡು ಮಾತು ನಿಲ್ಲಿಸುತ್ತಾರೆ. ಬರೀ ಧ್ವನಿ ಹಿಡಿಯುವಾಗ ಆ ಸಂಕೋಚ ಇರುವುದಿಲ್ಲ. ಹಿಂದಿರುಗುವ ರಾತ್ರಿ ರೈಲಿನಲ್ಲಿ ಎಲ್ಲರೂ ಮಲಗುವ ಮೊದಲು ಆಡುವ ಪಟ್ಟಾಂಗ ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಹಿಂದೆ ರೈಲಿನ ತಾಳವೂ ಇರುತ್ತದೆ.

ಈಗಾಗಲೇ ತುಂಬಿಹೋಗಿರುವ ಶೋಕೇಸಿಗೆ ಏನು ಮಾಡುವುದು? ಅಮ್ಮನಿಗೆ "ಇದನ್ನೆಲ್ಲ ಬಿಸಾಕು" ಎಂದರೆ ಮನೆಯಲ್ಲಿ ಎರಡು ದಿನ ಮಾತಿರುವುದಿಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹಳೆಯ ವಸ್ತು ದಾನದ ಒಂದು ಪ್ರಯೋಗ ನಡೆದಿತ್ತು, 2017ರಲ್ಲಿ ಅದರ ವಿವರ ಬಂತು. ಸುಮ್ಮನೆ ದಾನ ಮಾಡಿ ಎಂದ ಕಡೆ 533 ವಸ್ತು ಬಂದವು. ನಿಮಗೆ ಪ್ರೀತಿಯ ವಸ್ತುವಿನ ಫೋಟೋ ತೆಗೆದಿಟ್ಟುಕೊಂಡು ಕೊಡಿ ಎಂದ ಕಡೆ 613. ವ್ಯತ್ಯಾಸ ಅಂಥ ದೊಡ್ಡದೇನಲ್ಲ, ಆದರೆ ಅದರ ಹಿಂದಿನ ಮನಸ್ಸು ನಮ್ಮ ಅಮ್ಮಂದಿರದ್ದೇ. ಕೊಡಲು ಆಗದಿರುವುದು ವಸ್ತುವಿಗಾಗಿ ಅಲ್ಲ, ಅದರ ಜೊತೆಗಿನ ನೆನಪಿಗಾಗಿ. ಹಾಗಾಗಿ ತಾಜಮಹಲನ್ನು ಅಮ್ಮನ ಕೈಗೇ ಕೊಟ್ಟು ಕೂರಿಸಿ, ರೆಕಾರ್ಡರ್ ಒತ್ತಿ, "ಇದು ಯಾವಾಗಿನದಮ್ಮಾ?" ಎಂದು ಕೇಳಿ. ಪೂರ್ತಿ ಹೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಹೇಳಿ ಮುಗಿಸಿದ ಮೇಲೆ ಅವರೇ "ತೊಗೊಂಡ್ಹೋಗಿ ಯಾರಿಗಾದ್ರೂ ಕೊಡು, ಧೂಳು ಹೊಡೆದೂ ಹೊಡೆದೂ ಸಾಕಾಗಿದೆ" ಎಂದರೂ ಎನ್ನಬಹುದು. ಅನ್ನದಿದ್ದರೆ ಬಿಡಿ. ಅದು ಅವರ ಶೋಕೇಸು.

ಕೊನೆಗೆ ನಾವು ಬಿಟ್ಟುಬರಬಹುದಾದ ಇನ್ನೊಂದರ ವಿಷಯ. ಗಯಾ, ಪ್ರಯಾಗ, ಹರಿದ್ವಾರಗಳ ತೀರ್ಥಪುರೋಹಿತರ ಬಳಿ ಉದ್ದುದ್ದದ ವಹಿಗಳಿವೆ. ಯಾತ್ರೆಗೆ ಬಂದ ಮನೆತನಗಳ ಹೆಸರು, ಊರು, ಯಾರ ಮಗ ಯಾರು, ಯಾವಾಗ ಬಂದಿದ್ದರು ಎಂಬುದು ತಲೆಮಾರುಗಳಿಂದ ಅದರಲ್ಲಿದೆ, ಬಂದವರ ಸಹಿಯ ಸಮೇತ. ನಿಮ್ಮ ಮುತ್ತಾತ ಹೋಗಿದ್ದರೆ ಅವರ ಸಾಲೂ ಅಲ್ಲಿರಬಹುದು. ಹುಡುಕುವುದು ಊರಿನ ಹೆಸರಿನ ಮೇಲೆ, ಆದ್ದರಿಂದ ಈಗಿನ ಬಡಾವಣೆಯ ವಿಳಾಸ ಹೇಳಿದರೆ ಪ್ರಯೋಜನವಿಲ್ಲ. ಹೊರಡುವ ಮೊದಲು ಮನೆಯ ಹಿರಿಯರನ್ನು ಕೇಳಿ ಮೂಲದ ಊರು, ಆಗಿನ ತಾಲ್ಲೂಕು, ಗೋತ್ರ, ಅಜ್ಜನ ಅಪ್ಪನ ಹೆಸರು ಬರೆದುಕೊಂಡು ಹೋಗಿ. ಪುಟ ಸಿಕ್ಕರೆ ಅದರ ಒಂದು ಫೋಟೋ ತೆಗೆದುಕೊಂಡು, ಕೆಳಗೆ ನಿಮ್ಮ ಸಾಲು ಬರೆಸಿ. ಹಳೆಯ ಪುಟಗಳಲ್ಲಿ ಗಂಡಸರ ಹೆಸರೇ ಸಾಲುಗಟ್ಟಿರುತ್ತದೆ. ಜೊತೆಗೆ ಬಂದ ಹೆಂಡತಿ, ಹೆಣ್ಣುಮಕ್ಕಳು, ಸೊಸೆ ಎಲ್ಲರ ಹೆಸರನ್ನೂ ಹೇಳಿ ಬರೆಸಿ. ಅವರಾಗಿ ಕೇಳುವುದಿಲ್ಲ, ನೀವೇ ಹೇಳಬೇಕು.